ಅವಳು ಹೇಳಿದ್ದನ್ನು ಬರೆದುಕೊಳ್ಳಿ

ನನ್ನ ಬಾಯಿ ದೊಡ್ಡದು ಅಂತ ನಮ್ಮತ್ತೆ ಮದುವೆಯಾದ ವಾರದಲ್ಲೇ ತೀರ್ಪು ಕೊಟ್ಟಿದ್ದರು. ಅಂಥವಳಿಗೆ ಬಾಯಿ ಮುಚ್ಚಿಕೊಂಡು ಕೂತಿರುವ ಕೆಲಸ ಕೊಟ್ಟವಳು ಸ್ವೀಡನ್ನಿನ ಸುಂಡ್‌ಬೀಬರ್ಯ್‌ ಊರಲ್ಲಿ ನಮ್ಮ ಬಿಲ್ಡಿಂಗಿನಲ್ಲೇ ಇರುವ ಅಮೆರಿಕದ ಒಬ್ಬ ಕಪ್ಪು ಹೆಂಗಸು. ನನಗಿಂತ ದೊಡ್ಡವಳು, ಹಾಗಾಗಿ ನಾವು ಕನ್ನಡದವರು ಅಕ್ಕ ಅಂತೀವಿ. ಅವಳೂ ಆ ಹೆಸರಿಗೆ ಓಗೊಡ್ತಾಳೆ.

ಅಮೆರಿಕದ ದಕ್ಷಿಣದ ಅವಳ ಊರಲ್ಲಿ, ಚರ್ಚಿನ ಅಡುಗೆಮನೆಯಲ್ಲಿ ಸೇರಿ ಸೇರಿ ಕಪ್ಪು ಹೆಂಗಸರೇ ಕಟ್ಟಿಕೊಂಡ ಗುಂಪೊಂದಿದೆ. ಬಸುರಿ ಆಸ್ಪತ್ರೆಗೆ ಒಬ್ಬಳೇ ಹೋಗಕೂಡದು ಅನ್ನೋದು ಅವರ ಪದ್ಧತಿ. ಬೇಕು ಅಂದರೆ ಹೆರುವುದು, ಬೇಡ ಅಂದರೆ ಹೆರದಿರುವುದು, ಹೆತ್ತದ್ದನ್ನು ಹೆದರಿಕೆಯಿಲ್ಲದೆ ಸಾಕುವುದು, ಎಲ್ಲವೂ ಹೆಂಗಸಿನ ಹಕ್ಕು. ಯಾವುದೊಂದು ತಪ್ಪಿದರೂ ನ್ಯಾಯ ಅನ್ನೋ ಮಾತೇ ಬೇಡ ಅಂತಾರೆ. ಅದನ್ನೇ ಅಕ್ಕ ಇಲ್ಲಿಗೂ ತಂದಳು. ಶನಿವಾರ ಬಟ್ಟೆ ಒಗೆಯುವ ಕೋಣೆಯ ಪಕ್ಕದ ಹಾಲ್‌ನಲ್ಲಿ ಸೊಮಾಲಿಯಾದವರು, ಎರಿಟ್ರಿಯಾದವರು, ನಾವು ಸೇರ್ತೀವಿ. ಕೆಲವು ಸಲ ವಿಡಿಯೊ ಕಾಲ್‌ನಲ್ಲಿ ಅವಳ ಊರಿನವರು, ಕೀನ್ಯಾದವರು ಬರ್ತಾರೆ. ದೇಶ ಬೇರೆ, ಗೋಳು ಒಂದೇ. ಫೀಕಾಗೆ, ಅಂದರೆ ಇಲ್ಲಿನವರ ತಿಂಡಿ-ಹರಟೆ ಹೊತ್ತಿಗೆ, ಕಾಫಿ, ದಾಲ್ಚಿನ್ನಿ ಬನ್ನು, ನನ್ನ ಕೋಡುಬಳೆ. ಮೊದಲು ಖಾಲಿಯಾಗೋದು ಕೋಡುಬಳೆ, ಸುಳ್ಳು ಹೇಳಲ್ಲ.

ಅಕ್ಕ ನನಗೆ ಕೊಟ್ಟದ್ದು ಹೀಗೆ ಆಸ್ಪತ್ರೆಗೆ ಜೊತೆಗೆ ಹೋಗುವ ಕೆಲಸ. ಹೋದವಳು ಬಸುರಿಯ ಪರವಾಗಿ ಮಾತಾಡಬಾರದು. ಅವಳು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ ಮಾತ್ರ ಬಾಯಿ ತೆರೆಯಬಹುದು, ಅದೂ ಇಷ್ಟಕ್ಕೇ: 'ಅವಳು ಹೇಳಿದ್ದನ್ನು ಬರೆದುಕೊಳ್ಳಿ. ನೀವು ನೋಡಲ್ಲ ಅಂದಿದ್ದನ್ನೂ ಬರೆದುಕೊಳ್ಳಿ.'

ಹೋದ ಚಳಿಗಾಲದಲ್ಲಿ ಮೇಲಿನ ಮಹಡಿಯ ಹುಬ್ಬಳ್ಳಿ ಹುಡುಗಿಗೆ ಎಂಟು ತಿಂಗಳು. ಬಾಣಂತನಕ್ಕೆ ಬರಬೇಕಿದ್ದ ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಹುಡುಗಿಗೆ ತಲೆ ಸಿಡಿಯುತ್ತಿತ್ತು, ಕಣ್ಣು ಮಂಜಾಗುತ್ತಿತ್ತು, ಕಾಲುಂಗುರ ತೆಗೆಯಲಾಗದಷ್ಟು ಊತ. ಗಂಡ ಕ್ಲಿನಿಕ್ಕಿಗೆ ಫೋನ್ ಮಾಡಿದ. ಒಳ್ಳೆ ಹುಡುಗನೇ, ಆದರೆ ನಮ್ಮ ಗಂಡಸರಿಗೆ ಹೆಂಡತಿಯ ನೋವಿನ ಬಗ್ಗೆ ತಾವೇ ವರದಿ ಒಪ್ಪಿಸುವ ಚಟ. 'ಸ್ವಲ್ಪ ತಲೆನೋವು, ಅಷ್ಟೇ' ಅಂದ. ಪ್ಯಾರಾಸಿಟಮಾಲ್ ತಗೊಂಡು ಮಲಗಲಿ ಅಂದರು.

ಅಕ್ಕ ಕೆಲಸದ ಮೇಲೆ ದೂರದ ಉತ್ತರದ ಊರು ಲುಲೆಯೊಗೆ ಹೋಗಿದ್ದಳು. ಫೋನಿನಲ್ಲಿ ನಾನು ವಿಷಯ ಹೇಳಿದ ಕೂಡಲೇ ಅವಳ ದನಿ ಬಿಗಿಯಾಯಿತು. 'ಇದು ತಾಯಿ ಮಗು ಇಬ್ಬರನ್ನೂ ಒಯ್ಯಬಹುದು. ಈಗಲೇ ಕರಕೊಂಡು ಹೋಗು. ಬಿಪಿ ನೋಡೋವರೆಗೂ ಅಲ್ಲಿಂದ ಏಳಬೇಡಿ.' ನಾನು ಕೋಟು ಎಳೆದುಕೊಂಡು ಮೇಲಿನ ಮಹಡಿಗೆ ಓಡಿದೆ.

ಕ್ಲಿನಿಕ್ಕಿನ ಕೌಂಟರಿನಲ್ಲಿ ನರ್ಸ್ ನಗುನಗುತ್ತಾ ಹೇಗಿದ್ದೀರಿ ಅಂದಳು. ನಮ್ಮ ಹುಡುಗಿ ಹಣೆ ಒತ್ತಿಕೊಂಡೇ 'ಫೈನ್' ಅಂದಳು. ಇನ್ನೇನು ಅಂದಾಳು? ದೊಡ್ಡವರು, ಡಾಕ್ಟರು, ಯಾರು ಕೇಳಿದರೂ ಪರವಾಗಿಲ್ಲ ಅನ್ನಬೇಕು ಅಂತಲೇ ನಮ್ಮನ್ನು ಬೆಳೆಸಿದ್ದು. ನಮ್ಮ ಕಡೆ ಆ ಮಾತನ್ನು ಯಾರೂ ನಂಬಲ್ಲ. ಮುಖ ನೋಡಿ, 'ಏನಾಯ್ತೇ, ಸರಿಯಾಗಿ ಹೇಳು' ಅಂತ ಇನ್ನೊಂದು ಸಲ ಕೇಳ್ತಾರೆ. ಸ್ವೀಡನ್ನಿನಲ್ಲಿ ಪರವಾಗಿಲ್ಲ ಅಂದರೆ ಪರವಾಗಿಲ್ಲ, ಮುಗೀತು. ಮುಂದಿನ ವಾರ ಹೇಗೂ ಬರ್ತೀರಲ್ಲ, ಆಗ ನೋಡೋಣ ಅಂದಳು ನರ್ಸ್.

ನನ್ನ ನಾಲಿಗೆ ತುರಿಸಿತು. 'ಇವಳ ಮಾತು ಕೇಳಬೇಡಿ' ಅನ್ನಬೇಕು ಅಂತ ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಇವಳ ಮಾತನ್ನು ಇದುವರೆಗೆ ಕೇಳಿದವರಾದರೂ ಯಾರು? ಅವಳ ಕಡೆ ತಿರುಗಿ, 'ನಿಮ್ಮಮ್ಮ ಕೇಳಿದ್ರೆ ಏನಂತಿದ್ದೆ?' ಅಂದೆ.

ನಮ್ಮ ಜೊತೆ ಯಾವಾಗಲೂ ಬೆಂಗಳೂರು ಕನ್ನಡವನ್ನೇ ಆಡುತ್ತಿದ್ದ ಹುಡುಗಿ ಗಳಗಳ ಅತ್ತಳು. 'ತಲಿ ಒಡದ ಹೊಂಟೈತ್ರೀ. ಕಣ್ಣ ಕಾಣವಲ್ದು. ಭಾಳ ಹೆದರಿಕಿ ಆಗಾಕತ್ತೈತಿ.'

'ಅದನ್ನೇ ಇವರಿಗೆ ಹೇಳಮ್ಮ.'

ಹೇಳಿದಳು, ಅಳುತ್ತಲೇ, ಇಂಗ್ಲಿಷಿನಲ್ಲಿ, ಇಡೀ ಹಾಲ್‌ಗೆ ಕೇಳುವ ಹಾಗೆ. ಎಂಟನೇ ತಿಂಗಳಲ್ಲಿ ಸುಸ್ತು ಸಹಜ ಅಂದಳು ನರ್ಸ್. ಆಗ ನಾನು ನನ್ನ ಪಾಲಿನ ಮಾತು ಹೇಳಿದೆ. ನರ್ಸಿನ ಕೈ ಕೀಬೋರ್ಡಿನ ಮೇಲೇ ನಿಂತಿತು. ಹುಡುಗಿಯ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ. ಎದ್ದು ಹೋಗಿ ಬಿಪಿ ಮಷೀನ್ ತಂದಳು. ನೋಡಿದಳು, ನಂಬದೆ ಮತ್ತೆ ನೋಡಿದಳು, ಆಂಬುಲೆನ್ಸಿಗೆ ಫೋನ್ ಮಾಡಿದಳು.

ಸಂಜೆ ಹೊತ್ತಿಗೆ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ತೀರಾ ಪುಟ್ಟದು, ಆದರೆ ದನಿ ಜೋರು. ತಾಯಿಯೂ ಪಾರಾದಳು. ಗಂಡ ಗೋಡೆಗೆ ಒರಗಿ ಕೂತು ಅಳುತ್ತಿದ್ದ.

ನಾನು ಗೆದ್ದ ಖುಷಿಯಲ್ಲಿ ಅಕ್ಕನಿಗೆ ಫೋನ್ ಹಚ್ಚಿದೆ. 'ಹುಡುಗಿ ಜೋರಾಗಿ ಹೇಳಿದಳು ನೋಡು, ಅದಕ್ಕೇ ಉಳಿದಳು. ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ ಅಂತ ನಮ್ಮಲ್ಲಿ ಗಾದೆಯೇ ಇದೆ' ಅಂದೆ.

'ನನ್ನ ತಂಗಿಯೂ ಜೋರಾಗೇ ಹೇಳಿದ್ದಳು' ಅಂದಳು ಅಕ್ಕ. 'ಇದೇ ತಲೆನೋವು. ಗಲಾಟೆ ಮಾಡುವ ಹೆಂಗಸು ಅಂತ ಬರೆದುಕೊಂಡರು. ಬೆಳಗಾಗುವಾಗ ಅವಳೂ ಇರಲಿಲ್ಲ, ಮಗುವೂ ಇರಲಿಲ್ಲ. ಆಗಿನ್ನೂ ನಮ್ಮೂರಲ್ಲಿ ಗುಂಪು ಹುಟ್ಟಿರಲಿಲ್ಲ. ಅವಳ ಜೊತೆ ಹೋಗಬೇಕಾದವಳು ನಾನು. ನಾನು ಇಲ್ಲಿ, ಸ್ವೀಡನ್ನಿನಲ್ಲಿದ್ದೆ.'

'ಅಕ್ಕಾ, ಫೋನ್ ಇಡಬೇಡ' ಅಂದೆ. ಅವಳು ಇಡಲಿಲ್ಲ. ಆ ಕಡೆ ಅವಳು ಅತ್ತಳು, ಈ ಕಡೆ ನಾನು ಕೇಳುತ್ತಾ ಕೂತೆ.