ಮೇಷ್ಟ್ರು ಕೇಳಿ ಬಂದ ಫೋಟೋ

ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ನನ್ನ ಟೈಲರಿಂಗ್ ಅಂಗಡಿ ಇದೆ. ಪಕ್ಕದಲ್ಲಿ ಒಂದು ವೆಲ್ಡಿಂಗ್ ಶೆಡ್ಡು. ಹೋದ ತಿಂಗಳು ಅಲ್ಲಿನವರು ಗ್ಯಾಸ್ ಡಬ್ಬಿಯ ಮುಚ್ಚಳ ತೆಗೆದು ಒಳಗಿನ ಬಿಳಿ ಗಸಿಯನ್ನು ಚರಂಡಿಗೆ ಸುರಿದರು. ಬೆಳ್ಳುಳ್ಳಿ ಕೊಳೆತಂಥ ವಾಸನೆ ಅಂಗಡಿಯೊಳಕ್ಕೆ ಬಂತು. ಅಳತೆ ಕೊಡುತ್ತಿದ್ದ ಹೆಂಗಸು ಸೆರಗು ಮೂಗಿಗೆ ಹಿಡಿದಳು. ನಾನು ಮಾತ್ರ ಟೇಪು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. ಅದು ಕಾರ್ಬೈಡ್ ವಾಸನೆ. ಚಿನ್ನದ ಗಣಿಯ ನಮ್ಮೂರಿನಲ್ಲಿ ಕರೆಂಟು ಹೋದಾಗ ಅಪ್ಪ ಹಚ್ಚುತ್ತಿದ್ದ, ತಾತನ ಕಾಲದ ದೀಪದ ವಾಸನೆ. ಆ ದೀಪದ ಬೆಳಕಿನಲ್ಲಿ ನಾನು ಕನ್ನಡ ಕಾಗುಣಿತ ತಿದ್ದಿದ್ದೆ. ಹಾಗಾಗಿ ಅಪ್ಪನ ಹಿಂದೆಯೇ ಮೇಷ್ಟ್ರೂ ನೆನಪಿಗೆ ಬಂದರು.

ಮೇಷ್ಟ್ರು ನಮ್ಮ ಲೈನಿನಲ್ಲೇ, ನಮ್ಮಿಂದ ನಾಲ್ಕನೇ ಮನೆಯಲ್ಲಿದ್ದರು. ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಮನೆಗಳಿಗೆ ನಾವು ಲೈನು ಅನ್ನುತ್ತಿದ್ದೆವು. ಗೋಡೆಗೆ ಗೋಡೆ ಅಂಟಿಕೊಂಡಿರುತ್ತಿತ್ತು. ಒಂದು ಮನೆಯಲ್ಲಿ ಸೀನಿದರೆ ಮೂರು ಮನೆಗೆ ಕೇಳುತ್ತಿತ್ತು. ಮೇಷ್ಟ್ರ ತಂದೆಯೂ ಗಣಿಯೊಳಗೆ ದುಡಿದು, ಇವರು ಹುಟ್ಟುವ ಮೊದಲೇ ಅಲ್ಲೇ ಸತ್ತವರಂತೆ. ತಾಯಿ ಪಾತ್ರೆ ತೊಳೆದು ಇವರನ್ನು ಓದಿಸಿದ್ದರು. ಮನೆಯಲ್ಲಿ ತೆಲುಗು ಮಾತಾಡುವ ನನಗೆ ಕನ್ನಡ ಅಕ್ಷರ ಕಲಿಸಿದವರು ಅವರೇ. ಒಳ್ಳೆಯ ಮೇಷ್ಟ್ರು, ಅದನ್ನು ಇಲ್ಲ ಅನ್ನಲಾರೆ.

ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಹೋದ. ಸುರಂಗದ ಮಾಡು ಬೀಳದ ಹಾಗೆ ಮರದ ದಿಮ್ಮಿಗಳ ಆಸರೆ ನಿಲ್ಲಿಸುವುದು ಅವನ ಕೆಲಸ. ಆ ದಿನ ಮಾಡು ಕುಸಿದು ಇಬ್ಬರು ಸತ್ತರು. ಒಬ್ಬ ನಮ್ಮಪ್ಪ, ಇನ್ನೊಬ್ಬ ನಮ್ಮ ಎದುರು ಮನೆಯ ಗಂಡಸು. ಕಾಲು ಮುರಿದುಕೊಂಡು ಬದುಕಿ ಬಂದ ಜೊತೆಗಾರನೊಬ್ಬ ಅಮ್ಮನ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದ. ಬೆಳಗಿನಿಂದಲೇ ಬಂಡೆ ಸದ್ದು ಮಾಡುತ್ತಿತ್ತಂತೆ. ಅಪ್ಪ ಎಲ್ಲರನ್ನೂ ಹೊರಗೆ ಕಳಿಸಿ, ಎದುರು ಮನೆಯವನು ಇನ್ನೂ ಒಳಗಿದ್ದಾನೆಂದು ತಾನೇ ತಿರುಗಿ ಹೋದನಂತೆ.

ಅಲ್ಲಿಂದಾಚೆ ಅಮ್ಮ ಮತ್ತು ಎದುರು ಮನೆಯ ಅತ್ತೆ ಒಂದೇ ಒಲೆಯವರ ಹಾಗೆ ಬದುಕಿದರು. ಅತ್ತೆ ಎಂದರೆ ಸಂಬಂಧವಲ್ಲ, ನಾವು ಕರೆಯುತ್ತಿದ್ದದ್ದು ಹಾಗೆ. ಅಮ್ಮ ಆಸ್ಪತ್ರೆಯ ಕಸ ಗುಡಿಸಲು ಹೋದರೆ ಅತ್ತೆ ನನಗೆ ಜಡೆ ಹಾಕುತ್ತಿದ್ದರು. ಅವರಿಗೆ ಜ್ವರ ಬಂದರೆ ಅಮ್ಮ ಅಲ್ಲೇ ಮಲಗುತ್ತಿದ್ದಳು.

ನಾನು ಇಪ್ಪತ್ತರ ಹತ್ತಿರ ಬಂದಾಗ ಮೇಷ್ಟ್ರು ಊರಿನ ಚರಿತ್ರೆ ಬರೆಯುತ್ತೇನೆಂದು ಹೊರಟರು. ಬಟ್ಟೆಯ ಚೀಲ ಹಿಡಿದು ಮನೆ ಮನೆಗೂ ಬಂದರು. "ನಾವು ಬರೆದಿಡದೆ ಹೋದ್ರೆ ನಾಳೆ ಈ ಊರಿತ್ತು ಅನ್ನೋದೇ ಯಾರಿಗೂ ಗೊತ್ತಾಗಲ್ಲ ಕಣಮ್ಮ," ಅಂದರು. ಅಮ್ಮ ಅವರನ್ನು ಚಾಪೆಯ ಮೇಲೆ ಕೂರಿಸಿ, ಗಣಿಗೆ ಇಳಿಯುವಾಗ ಅಪ್ಪ ಒಯ್ಯುತ್ತಿದ್ದ, ಅವನ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆಯನ್ನು ಕೊಟ್ಟಳು. ಜೊತೆಗಾರ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಾನೇ ಪಕ್ಕದಲ್ಲಿ ಕೂತು ನೋಡಿದ್ದೇನೆ... ಎರಡು ಪುಟ ತುಂಬಿತ್ತು.

ಪುಸ್ತಕ ಬಂತು. ಬಿಡುಗಡೆಗೆ ಅಪ್ಪನ ಕಾಲದ ಗಣಿ ಮೇಲ್ವಿಚಾರಕನೊಬ್ಬ ಮುಖ್ಯ ಅತಿಥಿ. ಅಚ್ಚಿನ ಖರ್ಚು ಹೊತ್ತವನೂ ಅವನೇ ಎಂದು ಆಮೇಲೆ ತಿಳಿಯಿತು. ಮಾರನೇ ದಿನ ಎದುರು ಮನೆಯ ಜಗಲಿಯಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಅಮ್ಮ ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. ಕುಡಿದು ಕೆಲಸಕ್ಕೆ ಇಳಿದಿದ್ದ ಕಾರ್ಮಿಕನೊಬ್ಬ ಆಸರೆಯ ಮರವನ್ನು ಸರಿಯಾಗಿ ನಿಲ್ಲಿಸದೆ ಇದ್ದುದರಿಂದ ಮಾಡು ಕುಸಿದು, ಅವನೊಂದಿಗೆ ಅಮಾಯಕನೊಬ್ಬನೂ ಸತ್ತ ಎಂದು ಬರೆದಿತ್ತು. ಅಪ್ಪನ ಹೆಸರಿತ್ತು. ಜೊತೆಗಾರನ ಮಾತು ಒಂದಕ್ಷರವೂ ಇರಲಿಲ್ಲ. ಸಾಕ್ಷಿ ಹೇಳಲು ಅವನೂ ಅಷ್ಟರಲ್ಲಿ ತೀರಿಕೊಂಡಿದ್ದ.

ನಮ್ಮಪ್ಪ ಕುಡಿಯುತ್ತಿರಲಿಲ್ಲ.

ಅತ್ತೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮತ್ತೆ ಆ ಬಾಗಿಲು ನಮಗೆ ತೆರೆಯಲಿಲ್ಲ. ಅಮ್ಮ ಎರಡು ಸಲ ಹೋಗಿ ತಟ್ಟಿದಳು. ಎರಡನೇ ಸಲ ಒಳಗಿನಿಂದ ಅತ್ತೆಯ ದನಿ ಬಂತು. "ಇಷ್ಟು ವರ್ಷ ನನಗೆ ಸುಳ್ಳು ಹೇಳಿ ಅನ್ನ ಹಾಕಿದ್ಯಲ್ಲ."

ನಾನು ಶಾಲೆಗೆ ಹೋಗಿ ಮೇಷ್ಟ್ರನ್ನು ನಿಲ್ಲಿಸಿ ಕೇಳಿದೆ. ಅವರು ಸೀಮೆಸುಣ್ಣದ ಕೈ ಒರೆಸಿಕೊಂಡರು.

"ಚರಿತ್ರೆ ಬರೆಯೋನು ದೊಡ್ಡವರು ಹೇಳಿದ್ದನ್ನ ಬಿಡೋಕಾಗಲ್ಲಮ್ಮ. ನೀನು ಮಗಳು, ನಿನಗೆ ನೋವಾಗುತ್ತೆ. ಸಹಜ."

"ಅಮ್ಮ ಹೇಳಿದ್ದನ್ನ ಬರ್ಕೊಂಡ್ರಲ್ಲ ಸಾರ್?"

"ಎಲ್ಲಾರು ಹೇಳಿದ್ದನ್ನೂ ಹಾಕ್ತಾ ಹೋದ್ರೆ ಪುಸ್ತಕ ಮುಗಿಯುತ್ತಾ?"

ಬಿಲ್ಲೆ ಕೇಳಿದೆ. ಎಲ್ಲಿಟ್ಟೆನೋ ಸಿಗುತ್ತಿಲ್ಲ ಅಂದರು. ಗಂಟೆ ಹೊಡೆಯಿತು, ಅವರು ತರಗತಿಗೆ ಹೋದರು. ಆವತ್ತು ಮನೆಗೆ ಬರುವ ದಾರಿಯಲ್ಲಿ ನನ್ನೊಳಗೆ ಏನೋ ಗಟ್ಟಿಯಾಯಿತು. ಅದು ಇವತ್ತಿಗೂ ಕರಗಿಲ್ಲ.

ಆ ವರ್ಷವೇ ನಾವು ಊರು ಬಿಟ್ಟೆವು. ರಾಜಾಜಿನಗರದ ಒಂದು ಗಾರ್ಮೆಂಟ್ಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಅಮ್ಮ ಒಂದು ಟ್ರಂಕು ಮಾತ್ರ ತಂದಿದ್ದಳು. ಸಾಯುವ ಹಿಂದಿನ ವಾರ ನನ್ನ ಕೈ ಹಿಡಿದು, "ಆ ಪುಸ್ತಕ ಇನ್ನೂ ಎಲ್ಲಾದ್ರೂ ಇದ್ಯೇನೇ?" ಎಂದು ಕೇಳಿದಳು. ಇಲ್ಲಮ್ಮ, ಎಲ್ಲ ಗೆದ್ದಲು ತಿಂದಿದೆ ಅಂದೆ. ಅವಳು ನಂಬಲಿಲ್ಲ.

ಅವಳು ಹೋದ ಎರಡು ವರ್ಷಕ್ಕೆ, ಒಂದು ಬೆಳಿಗ್ಗೆ, ಅಂಗಡಿಯ ಮುಂದೆ ಆಟೋ ನಿಂತಿತು. ಕೋಲು ಊರಿಕೊಂಡು ಇಳಿದವರನ್ನು ನಾನು ಮೊದಲು ಗುರುತಿಸಲಿಲ್ಲ. ಮೇಷ್ಟ್ರು ನಾಗರಬಾವಿಯಲ್ಲಿ ಮಗಳ ಮನೆಯಲ್ಲಿದ್ದರಂತೆ. ಊರಿನವರು ಯಾರೋ ನನ್ನ ಅಂಗಡಿಯ ಗುರುತು ಹೇಳಿದ್ದರು. ಸ್ಟೂಲಿನ ಮೇಲೆ ಕೂತು, ಉಸಿರು ತಹಬಂದಿಗೆ ತಂದುಕೊಂಡು, ಬಂದ ವಿಷಯ ಹೇಳಿದರು.

"ನಿಮ್ಮ ತಾತ ಇದ್ದ ಗುಂಪಿನದೊಂದು ಫೋಟೋ ಇದ್ಯಂತಲ್ಲ. ಗಣಿಗೆ ಇಳಿಯೋ ಶಾಫ್ಟಿನ ಮುಂದೆ ಕೂತು ತೆಗೆಸಿದ್ದು. ನಮ್ಮಪ್ಪನೂ ಅದರಲ್ಲಿದಾರೆ. ಅವರ ಮುಖ ನಾನು ನೋಡೇ ಇಲ್ಲಮ್ಮ."

"ನೋಡಿಲ್ಲ ಅಂದ್ಮೇಲೆ ಹೆಂಗೆ ಗೊತ್ತಾಗುತ್ತೆ?"

"ನಮ್ಮಮ್ಮ ಒಂದು ಗುರುತು ಹೇಳಿದ್ರು. ನೋಡಿದ ತಕ್ಷಣ ಹಿಡೀತೀನಿ."

ಏನು ಗುರುತು ಎಂದು ನಾನು ಕೇಳಲಿಲ್ಲ. ಫೋಟೋ ಅವರ ಬೆನ್ನ ಹಿಂದಿನ ಬೀರುವಿನಲ್ಲೇ, ಅಮ್ಮನ ಸೀರೆಯ ಮಡಿಕೆಯೊಳಗಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ನಾನು ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದು, ಪೆನ್ನು ಸಮೇತ ಅವರ ಮುಂದಿಟ್ಟೆ.

"ನಮ್ಮಪ್ಪನ ವಿಷಯ ನೀವು ಬರೆದಿದ್ದು ಸುಳ್ಳು ಅಂತ ಬರ್ಕೊಡಿ ಸಾರ್."

ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಆಡಲಿಲ್ಲ. ಕನ್ನಡಕ ಹಾಕಿಕೊಂಡು, ನನಗೆ ಕಲಿಸಿದ ಅದೇ ದುಂಡನೆಯ ಅಕ್ಷರದಲ್ಲಿ ಬರೆದರು. ಮೇಲ್ವಿಚಾರಕ ಹೇಳಿದ್ದನ್ನು ಪರೀಕ್ಷಿಸದೆ ಬರೆದೆ, ಬದುಕಿ ಬಂದ ಜೊತೆಗಾರನ ಮಾತು ಗೊತ್ತಿದ್ದೂ ಬಿಟ್ಟೆ, ಆ ಮನುಷ್ಯ ಕುಡಿದಿರಲಿಲ್ಲ, ಇನ್ನೊಬ್ಬನನ್ನು ಉಳಿಸಲು ಹೋಗಿ ಸತ್ತ. ಕೆಳಗೆ ಸಹಿ ಹಾಕಿದರು.

"ಮೊದಲೇ ಬರೀಬೇಕಿತ್ತು," ಅಂದರು. "ಧೈರ್ಯ ಇರಲಿಲ್ಲ."

ಹಾಳೆಯನ್ನು ಮಡಚಿ ಒಳಗಿಟ್ಟುಕೊಂಡೆ. ಆಮೇಲೆ ಹೇಳಿದೆ: "ಫೋಟೋ ಎಲ್ಲಿಟ್ಟೆನೋ ಸಿಗ್ತಾ ಇಲ್ಲ ಮೇಷ್ಟ್ರೇ. ಮುಂದಿನ ವಾರ ಬನ್ನಿ."

ಅವರು ನನ್ನ ಮುಖವನ್ನೇ ನೋಡಿದರು. ಬಿಲ್ಲೆ ಕೇಳಿದ ದಿನ ಅವರು ಹೇಳಿದ್ದ ಮಾತು ಅವರಿಗೂ ನೆನಪಾಯಿತೆಂದು ಕಾಣುತ್ತದೆ. ಆದರೂ ಮುಂದಿನ ವಾರ ಬಂದರು. ನಾನು ಟೀ ತರಿಸಿ ಕೊಟ್ಟು, ಹುಡುಕ್ತಾ ಇದೀನಿ ಅಂದೆ. ಮೂರನೇ ಸಲ ಬಂದಾಗ ಮಳೆ. ಪಂಚೆಯ ಅಂಚು ನೆನೆದಿತ್ತು. ಆ ದಿನವೂ ಕೊಡಲಿಲ್ಲ. ಅವರು ಮೆಟ್ಟಿಲು ಇಳಿಯುವುದನ್ನು ಮೆಷಿನ್ನಿನ ಹಿಂದೆ ಕೂತು ನೋಡಿದೆ. ಅಮ್ಮ ಅತ್ತೆಯ ಮನೆಯ ಬಾಗಿಲು ತಟ್ಟಿ ವಾಪಸು ಬಂದದ್ದು ಕಣ್ಣ ಮುಂದೆ ಬಂತು. ಸುಳ್ಳು ಯಾಕೆ ಹೇಳಲಿ, ಎದೆ ತಂಪಾಗಿತ್ತು. ಇನ್ನೊಂದೆರಡು ಸಲ ಅಲೆಯಲಿ, ಆಮೇಲೆ ಕೊಟ್ಟರಾಯಿತು ಎಂದುಕೊಂಡೆ.

ನಾಲ್ಕನೇ ಸಲ ಬರಲಿಲ್ಲ. ಎರಡು ತಿಂಗಳಾದ ಮೇಲೆ ಅವರ ಮಗಳು ಫೋನ್ ಮಾಡಿದಳು. "ಅಪ್ಪ ತೀರ್ಕೊಂಡು ಹದಿಮೂರು ದಿನ ಆಯ್ತು ಆಂಟಿ. ಕೊನೇಲಿ ನಿಮ್ಮ ಹತ್ರ ಏನೋ ಫೋಟೋ ಇದೆ ಅಂತಿದ್ರು. ಸಿಕ್ತಾ?"

ಸಿಕ್ಕಿಲ್ಲ ಅಂದೆ. ಆಗಲೂ ಹಾಗೇ ಅಂದೆ.

ಮೊನ್ನೆ ನಮ್ಮೂರಿನ ಒಬ್ಬಾಕೆ ಅಂಗಡಿಗೆ ಬಂದಿದ್ದಳು. ಇಲ್ಲೇ ಹತ್ತಿರದ ಉಲ್ಲಾಳದಲ್ಲಿ ಮನೆ, ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಗಣಿಯವರ ಮೊಮ್ಮಕ್ಕಳು ಕೆಲವರು ಸೇರಿ ಹಳೆಯ ಫೋಟೋ, ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಡುತ್ತಿದ್ದಾರಂತೆ. ಕಾರ್ಬೈಡ್ ವಾಸನೆ ಬಂದ ದಿನದಿಂದ ನಾನೂ ಯೋಚಿಸುತ್ತಲೇ ಇದ್ದೆ. ಬೀರು ತೆಗೆದು ಫೋಟೋ, ಹಾಳೆ ಎರಡನ್ನೂ ಕೊಟ್ಟೆ.

ಮೇಷ್ಟ್ರ ಹಾಳೆಯನ್ನು ಅವಳು ಎರಡು ಸಲ ಓದಿದಳು. "ಇದನ್ನ ಆ ಪುಸ್ತಕದ ಪುಟದ ಪಕ್ಕದಲ್ಲೇ ಹಾಕ್ತೀವಿ ಅಕ್ಕ. ಇನ್ಮೇಲೆ ಯಾರು ಓದಿದ್ರೂ ಎರಡನ್ನೂ ಓದ್ತಾರೆ," ಅಂದಳು. ಅಮ್ಮ ಇಲ್ಲ. ಅತ್ತೆ ಇದ್ದಾರೋ ಇಲ್ಲವೋ ಹೇಳುವವರಿಲ್ಲ. ಆದರೂ ನನ್ನಪ್ಪನ ಹೆಸರಿಗೆ ಅಂಟಿದ್ದ ಕಳಂಕ ತೊಳೆದುಹೋಯಿತು. ಅಷ್ಟು ನಾನು ಸಾಧಿಸಿದೆ.

ಆಮೇಲೆ ಫೋಟೋವನ್ನು ಟೇಬಲ್ ಮೇಲೆ ಹರಡಿದಳು. ಹದಿನೇಳು ಜನ. ಎಲ್ಲರೂ ಬರಿಗಾಲಲ್ಲಿ, ತಲೆಗೆ ಬಟ್ಟೆ ಸುತ್ತಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಾರೆ. ನೋಟ್‌ಬುಕ್ಕಿನಲ್ಲಿ ಹದಿನೇಳು ನಂಬರ್ ಹಾಕಿ, ಪೆನ್ಸಿಲ್ ಹಿಡಿದು, "ಯಾರ್ಯಾರು ಅಂತ ಹೇಳ್ತಾ ಹೋಗಿ ಅಕ್ಕ," ಅಂದಳು.

ತಾತನನ್ನು ತೋರಿಸಿದೆ. ಇವರಲ್ಲೊಬ್ಬರು ಮೇಷ್ಟ್ರ ತಂದೆ ಅಂದೆ.

"ಯಾರು?"

ಒಂದೊಂದೇ ಮುಖ ನೋಡುತ್ತ ಹೋದೆ. ಒಬ್ಬನ ಕಿವಿ ಹರಿದಿತ್ತು. ಒಬ್ಬನ ಕೈಗೆ ಆರು ಬೆರಳಿದ್ದ ಹಾಗಿತ್ತು. ಇನ್ನೊಬ್ಬನ ಹುಬ್ಬಿನ ಮೇಲೆ ಗಾಯದ ಗೆರೆ... ಯಾವುದು ಬೇಕಾದರೂ ಅವರ ತಾಯಿ ಹೇಳಿದ ಗುರುತಾಗಿರಬಹುದು. ಹೇಳಬಲ್ಲವರು ಒಬ್ಬರೇ ಇದ್ದರು. ಅವರು ಮೂರು ಸಲ ಇದೇ ಸ್ಟೂಲಿನ ಮೇಲೆ ಬಂದು ಕೂತಿದ್ದರು.

"ಗೊತ್ತಿಲ್ಲಮ್ಮ," ಅಂದೆ.

ಅವಳು ತಾತನ ಹೆಸರು ಬರೆದುಕೊಂಡು, ಉಳಿದ ಹದಿನಾರು ಜನರ ಮುಂದೆ ಗೆರೆ ಎಳೆದಳು.