ಲೆಕ್ಕಕ್ಕಿಲ್ಲದ ಗಿರಾಕಿ

ಆ ವಾದ್ಯದಂಗಡಿಯಲ್ಲಿ ನುಡಿಸಿ ತೋರಿಸದೆ ಏನನ್ನೂ ಮಾರುವುದಿಲ್ಲ. ಮಾವ ಅಂಗಡಿ ತೆರೆದ ದಿನದಿಂದಲೂ ಇದೇ ಪದ್ಧತಿ. ಮಕ್ಕಳ ಕೊಳಲೇ ಆಗಲಿ, ಮೊದಲು ಮಾವ ಬೆನ್ನು ನೆಟ್ಟಗೆ ಮಾಡಿಕೊಂಡು ಊದಬೇಕು, ಗಿರಾಕಿ ಕೇಳಬೇಕು, ಆಮೇಲೆ ಉಳಿದ ಮಾತು. ಸೊಸೆ ಅಂಗಡಿಗೊಂದು ವೆಬ್‌ಸೈಟ್ ಕಟ್ಟಿದಾಗಲೂ ಅವರು ಪಟ್ಟು ಬಿಡಲಿಲ್ಲ.

"ಬರೀ ಫೋಟೋ ನೋಡಿ ಪಿಟೀಲು ತಗೊಳ್ಳೋದಾ? ವಾಸನೆ ನೋಡಿ ಚಪ್ಪಲಿ ತಗೊಂಡ ಹಾಗಾಯ್ತು! ಒಂದೊಂದನ್ನೂ ನುಡಿಸ್ತೀನಿ, ಹಾಕಮ್ಮ."

ಹಾಕಿದಳು. ಮಾವ ಶ್ರುತಿ ಮಾಡುವುದು, ನಡುವೆ ಕೆಮ್ಮುವುದು, ಒಳಗಿನಿಂದ ಅತ್ತೆ "ರೀ, ಟೀ ಆರಿಹೋಗ್ತಿದೆ!" ಎಂದು ಕೂಗುವುದು, ಎಲ್ಲವೂ ಸೈಟಿಗೆ ಹೋಯಿತು.

ಆ ಹೊತ್ತಿಗೆ ಮೈದುನನ ತಲೆಯಲ್ಲಿ ಬೇರೆಯದೇ ರಾಗ ಎದ್ದಿತ್ತು. ಅಂಗಡಿಯ ಮುಂಭಾಗವನ್ನು ಫೋನ್ ಕವರ್ ಮಾರುವವನಿಗೆ ಬಾಡಿಗೆಗೆ ಕೊಟ್ಟು, ಅಪ್ಪನನ್ನೂ ವಾದ್ಯಗಳನ್ನೂ ಹಿಂದಿನ ಉಗ್ರಾಣಕ್ಕೆ ಸಾಗಿಸೋಣ ಎಂದು. ಉಗ್ರಾಣಕ್ಕೆ ಕಿಟಕಿಯೇ ಇಲ್ಲ. "ಬೇಸಿಗೆ ಮುಗಿಯೋವರೆಗೆ ತಡಿ, ಸೈಟು ನೋಡಿ ಜನ ಬರ್ತಾರೆ" ಎಂದು ಸೊಸೆ ಬೇಡಿಕೊಂಡಿದ್ದಳು.

ಸೈಟಿಗೆ ಎಷ್ಟು ಜನ ಬಂದರೆಂದು ತೋರಿಸುವ ಗೆರೆಯೊಂದಿತ್ತು. ಅದು ವಾರದಿಂದ ವಾರಕ್ಕೆ ಏರಿತು. ಮೈದುನ ಫೋನಿನಲ್ಲಿ ಅದನ್ನು ನೋಡಿ ಹುಬ್ಬೇರಿಸಿದ. "ಪರವಾಗಿಲ್ಲ ಅತ್ತಿಗೆ! ನಿಮ್ಮ ಗೆರೆ ಏಣಿ ಹತ್ತಿದ ಹಾಗೆ ಹತ್ತುತ್ತಿದೆ."

ಅವಳಿಗೂ ಹಿಗ್ಗು. ಆದರೆ ಒಬ್ಬರೂ ಫೋನ್ ಮಾಡಲಿಲ್ಲ, ಒಬ್ಬರೂ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅಷ್ಟರಲ್ಲಿ ಮಾವನಿಗೆ ಜ್ವರ ಬಂತು. ಅವರು ಮಲಗಿದರು, ಗೆರೆಯೂ ಮಲಗಿತು. ಗಂಜಿ ಕುಡಿದು ಅವರು ಎದ್ದು ಅಂಗಡಿಗೆ ಹೋದರು, ಗೆರೆಯೂ ಎದ್ದು ಕೂತಿತು.

ಸೊಸೆಗೆ ಅನುಮಾನ ಬಂತು. ಅಂಗಡಿಗೆ ಹೋಗಿ ಬಾಗಿಲಲ್ಲೇ ನಿಂತು ನೋಡಿದಳು. ಮಾವ ಕಂಪ್ಯೂಟರ್ ಹಚ್ಚಿ, ತಮ್ಮದೇ ಪಿಟೀಲನ್ನು ಕಣ್ಣು ಮುಚ್ಚಿ ಕೇಳಿ, ತಲೆದೂಗಿ, ಕಂಪ್ಯೂಟರ್ ಆರಿಸಿದರು. ತುಸು ಹೊತ್ತಿಗೆ ಮತ್ತೆ ಹಚ್ಚಿದರು.

"ಮಾವ, ಯಾಕೆ ಪ್ರತಿಸಲ ಆರಿಸ್ತೀರಿ?"

"ಕರೆಂಟು ಸುಮ್ಮನೆ ಉರೀಬಾರದಲ್ಲಮ್ಮ."

ಆರಿಸಿದಾಗಲೆಲ್ಲ ಹಿಂದಿನ ಗುರುತು ಅಳಿಸಿಹೋಗುವಂತೆ ಮೈದುನನೇ ಆ ಯಂತ್ರವನ್ನು ಹೊಂದಿಸಿದ್ದ. ಹಾಗಾಗಿ ಹಚ್ಚಿದಾಗಲೆಲ್ಲ ಸೈಟಿನ ಕಣ್ಣಿಗೆ ಮಾವ ಹೊಸ ಮನುಷ್ಯ. ಏಣಿ ಹತ್ತುತ್ತಿದ್ದ ಜನಸಾಗರವೆಲ್ಲ ಈ ಒಬ್ಬ ಮುದುಕ!

ಬಾಯಿ ಮುಚ್ಚಿಕೊಂಡಿದ್ದರೆ ಅಂಗಡಿ ಉಳಿಯುತ್ತಿತ್ತು. ಇಲ್ಲದ ಜನರನ್ನು ಎಣಿಸಿ ತೋರಿಸಿ ಕುರ್ಚಿ ಉಳಿಸಿಕೊಂಡವರು ಈ ಲೋಕದಲ್ಲಿ ಕಡಿಮೆಯೇ? ಅಂಥವರಿಗೆ ಸನ್ಮಾನ ಬೇರೆ ನಡೆಯುತ್ತದೆ. ವೇದಿಕೆ ಹತ್ತಿ ಅದೇ ಸುಳ್ಳನ್ನು ಇನ್ನೊಮ್ಮೆ ಓದುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಈ ಹೆಣ್ಣುಮಗಳಿಗೆ ಮಾತ್ರ ಅದು ಆಗಲಿಲ್ಲ. ಊಟದ ನಡುವೆಯೇ ಹೇಳಿಬಿಟ್ಟಳು.

"ಆ ಗೆರೆ ನಂಬಬೇಡಪ್ಪ. ಬಂದಿದ್ದೆಲ್ಲಾ ಮಾವನೇ."

ಮೈದುನನ ಮುಖ ಹುಳ್ಳಗಾಯಿತು. ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಷ್ಟೊಂದು ಸಲ ಕೇಳಿದ್ನಾ ನಾನು?" ಎಂದರು ಮೆಲ್ಲಗೆ. ಅತ್ತೆ, "ಜನ್ಮದಲ್ಲಿ ನನ್ನ ಮಾತು ಅಷ್ಟು ಸಲ ಕೇಳಿದ್ರೆ ಉದ್ಧಾರ ಆಗ್ತಿದ್ರಿ" ಎಂದು ಸಾರು ಬಡಿಸಿದರು.

ಮರುದಿನ ಸೊಸೆ ಅಂಗಡಿಯ ಕಂಪ್ಯೂಟರನ್ನು ಎಣಿಕೆಯಿಂದ ತೆಗೆದಳು. ಗೆರೆ ನೆಲಕಚ್ಚಿತು. ಉಳಿದ ನಾಲ್ಕಾರು ನಿಜವಾದ ಜನ ಪುಟ ತೆರೆದುಕೊಳ್ಳುವ ಮುಂಚೆಯೇ ಓಡಿಹೋಗುತ್ತಿದ್ದರು. ಏಕೆಂದು ನೋಡಲು ಅತ್ತೆಯ ಗಾಜು ಒಡೆದ ಹಳೇ ಫೋನನ್ನು ಒಲೆಯ ಪಕ್ಕ ಇಟ್ಟು, ಹಾಲು ಕಾಯಲಿಟ್ಟು, ಸೈಟ್ ತೆರೆದಳು. ಹಾಲು ಉಕ್ಕಿ ಒಲೆಯೆಲ್ಲ ತೊಯ್ದರೂ ಪರದೆ ಬೆಳ್ಳಗೇ ಇತ್ತು. ಪುಟ ತೆರೆದೊಡನೆ ಎಲ್ಲ ವಾದ್ಯಗಳ ದನಿಯೂ ಒಟ್ಟಿಗೆ ಫೋನಿಗೆ ಇಳಿಯಲು ಒಂದೇ ಬಾಗಿಲಲ್ಲಿ ನುಗ್ಗುತ್ತಿತ್ತು.

"ನನ್ನ ಶ್ರುತಿಗೆ ಕತ್ತರಿ ಹಾಕ್ಬೇಡ!" ದನಿಯೇ ಭಾರವಾಗಿದೆ ಎಂದು ಅವಳು ಹೇಳಿದೊಡನೆ ಮಾವ ಗುಡುಗಿದರು.

"ಹಾಕಲ್ಲ ಮಾವ. ಗಿರಾಕಿ ಕೈ ತೋರಿಸಿದ ಮೇಲೆ ತಾನೇ ನೀವು ಕೊಳಲು ಎತ್ತೋದು? ಒಳಗೆ ಕಾಲಿಡೋ ಮೊದಲೇ ಎಲ್ಲಾನೂ ಒಟ್ಟಿಗೆ ಊದ್ತೀರಾ?"

"ಹುಚ್ಚು ಹಿಡಿದಿದೆಯಾ? ಹಾಗೆ ಮಾಡಿದ್ರೆ ಓಡಿಹೋಗ್ತಾರೆ."

"ಅದೇ ಆಗ್ತಿರೋದು."

ಮಾವ ಗಡ್ಡ ಕೆರೆದುಕೊಂಡರು. "ಹಾಗಾದ್ರೆ ಕೇಳಿದವರಿಗಷ್ಟೇ ನುಡಿಸು."

ಒತ್ತಿದರೆ ಮಾತ್ರ ದನಿ ಬರುವಂತೆ ಮಾಡಿದಳು, ಚಿತ್ರಗಳ ಭಾರ ಇಳಿಸಿದಳು. ಹಾಲಿಗೆ ಕೆನೆ ಕಟ್ಟುವ ಮೊದಲೇ ಅತ್ತೆಯ ಫೋನಿನಲ್ಲಿ ಪಿಟೀಲು ಕಾಣಿಸಿತು. ಗೆರೆ ಇರುವೆಯಂತೆ ತೆವಳತೊಡಗಿತು. ಬೇಸಿಗೆ ಮುಗಿಯುತ್ತ ಬಂದಿತ್ತು.

ಒಂದು ಸಂಜೆ ಅಂಗಡಿಯ ಫೋನ್ ಬಡಿದುಕೊಂಡಿತು. ಎತ್ತಿದವನು ಮೈದುನ. ಆ ಕಡೆ ಒಬ್ಬ ಹೆಂಗಸು: "ಆ ಪಿಟೀಲು ಇದೆಯಾ? ಟೀ ಆರಿಹೋಗುತ್ತೆ ಅಂತ ಯಾರೋ ಕೂಗ್ತಾರಲ್ಲ, ಅದು. ಪೂರ್ತಿ ಕೇಳಿದೆ. ನಾಳೆ ಬಂದ್ರೆ ಎದುರಿಗೆ ನುಡಿಸ್ತಾರಾ?"

"ಬನ್ನಿ, ನುಡಿಸ್ತಾರೆ" ಎಂದು ಮೈದುನ ಫೋನಿಟ್ಟ. ಆಮೇಲೆ ಫೋನ್ ಕವರಿನವನಿಗೆ ಬೇರೆ ಜಾಗ ನೋಡಿಕೊಳ್ಳಲು ಹೇಳಿಕಳಿಸಿದ.

"ಒಬ್ಬಳು ಕೇಳಿದ್ದಕ್ಕೇ?" ಸೊಸೆಗೆ ನಂಬಿಕೆಯಾಗಲಿಲ್ಲ.

"ಒಬ್ಬಳಾದ್ರೂ ನಿಜವಾದವಳು ಅಲ್ವಾ ಅತ್ತಿಗೆ? ಇನ್ನು ಆ ಗೆರೆ ಎಷ್ಟು ಏರಿದ್ರೂ ನಂಬ್ತೀನಿ. ಸುಳ್ಳು ಅಂತ ಗೊತ್ತಾದಾಗ ಬೀಳಿಸಿದೋರು ನೀವೇ ಅಲ್ವಾ."

ಮಾವ ಈಗಲೂ ಬೆಳಗ್ಗೆ ಅಂಗಡಿ ತೆರೆದೊಡನೆ ಕಂಪ್ಯೂಟರ್ ಹಚ್ಚಿ, ಕೇಳಿ, ಆರಿಸುತ್ತಾರೆ. "ನಾನು ಬಂದಿದ್ದು ಬರ್ಕೊಂಡಿತೇನಮ್ಮಾ?" ಎಂದು ಕೇಳುತ್ತಾರೆ.

"ಇಲ್ಲ ಮಾವ. ನೀವು ಆಟಕ್ಕುಂಟು, ಲೆಕ್ಕಕ್ಕಿಲ್ಲ."

"ಸರಿ ಬಿಡು" ಎಂದು ಮಾವ ಮತ್ತೆ ಗುಂಡಿ ಒತ್ತುತ್ತಾರೆ.