ಎರಡನೆಯ ದರ್ಜೆಯ ಹೆಂಗಸು

ಮೊಮ್ಮಗಳು ಚೀಟಿ ಎತ್ತಿದಳು, ಜೀತದಾಳಾದಳು. ತೊಂಬತ್ತರ ದಶಕದ ನಡುವಿನ ಮಾತು. ಅಮೆರಿಕದ ಜರ್ಮನ್‌ಟೌನಿನಲ್ಲಿ ಮಗಳ ಮನೆಯಲ್ಲಿದ್ದೆ. ಮೊಮ್ಮಗಳು ಏಳನೆಯ ಕ್ಲಾಸು. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನಲ್ಲಿದ್ದ ಆಂಗ್ಲೋ-ಸ್ಯಾಕ್ಸನ್ ಎಂಬ ಜನರ ಪಾಠ ನಡೆಯುತ್ತಿತ್ತು. ಪಾಠ ಮುಗಿದ ಮೇಲೆ ಮಕ್ಕಳೆಲ್ಲ ಸೇರಿ ಅವರ ಒಂದು ಊರನ್ನು ಕಟ್ಟಿ ತೋರಿಸಬೇಕು, ಮನೆಯವರು ಬಂದು ನೋಡಬೇಕು. ಯಾರು ಏನಾಗಬೇಕೆಂದು ಟೀಚರು ಟೋಪಿಯೊಳಗೆ ಚೀಟಿ ಹಾಕಿ ಎತ್ತಿಸಿದ್ದರು. ಇವಳಿಗೆ ಬಂದದ್ದು ಧಣಿಯ ಮನೆಯಲ್ಲಿ ಹಿಟ್ಟು ಬೀಸುವ ಹೆಂಗಸಿನ ಚೀಟಿ. ಅದೇ ಕ್ಲಾಸಿನಲ್ಲಿದ್ದ ಇನ್ನೊಬ್ಬ ಕನ್ನಡದ ಹುಡುಗಿಗೆ ಧಣಿಯ ಹೆಂಡತಿಯ ಚೀಟಿ.

ಮಗಳು ಲ್ಯಾಬಿನಿಂದ ಬಂದವಳು ಕೋಟು ಕೂಡ ತೆಗೆಯದೆ ಕೂಗಾಡಿದಳು. "ನಾನು ಈಗಲೇ ಟೀಚರ್‌ಗೆ ಕಾಲ್ ಮಾಡ್ತೀನಿ. ಕ್ಲಾಸಲ್ಲಿ ಕನ್ನಡದವರು ಇರೋದೇ ಇಬ್ಬರು. ಅವಳು ಚೇರ್ ಮೇಲೆ ಕೂತ್ಕೋಬೇಕು, ಇವಳು ನೆಲದ ಮೇಲೆ ಹಿಟ್ಟು ಬೀಸಬೇಕಾ?"

"ನಂಗೂ ಬೇಡ ಅಜ್ಜಿ," ಅಂದಳು ಹುಡುಗಿ. "ಎಲ್ಲರೂ ಲಾಫ್ ಮಾಡ್ತಾರೆ."

"ಬೀಸೋದ್ರಲ್ಲಿ ನಗೋದು ಏನಿದೆ?" ಅಂದೆ. ಮಗಳು ನನ್ನ ಕಡೆ ನೋಡಲಿಲ್ಲ.

ನೋಡದೆ ಇದ್ದದ್ದಕ್ಕೆ ಕಾರಣವಿತ್ತು. ಗಂಡ ಸತ್ತ ಮೇಲೆ ಹನ್ನೊಂದು ವರ್ಷ ನಾನು ನಮ್ಮೂರ ಪಟೇಲರ ಮನೆಯಲ್ಲಿ ರಾಗಿ ಬೀಸಿದವಳು. ಮಗಳು ಓದಿದ್ದು ಆ ಕೂಲಿಯಿಂದಲೇ. ಆದರೆ ಇಲ್ಲಿನ ಕನ್ನಡದವರ ಹತ್ತಿರ ಇವಳು ಹೇಳಿಕೊಂಡದ್ದು ಬೇರೆ: ನಮ್ಮದು ಊರಲ್ಲಿ ದೊಡ್ಡ ಮನೆ, ಆಳುಕಾಳು ತುಂಬಿತ್ತು ಅಂತ. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ದೊಡ್ಡವಳು, ಏನು ಬೇಕಾದರೂ ಹೇಳಿಕೊಳ್ಳಲಿ. ಆದರೆ ಹನ್ನೆರಡು ವರ್ಷದ ಹುಡುಗಿಗೂ ಬೀಸುಕಲ್ಲು ಕಂಡರೆ ನಾಚಿಕೆಯಾಗಬೇಕು ಎಂದರೆ ನನಗೆ ಸರಿಬರಲಿಲ್ಲ. ಮೊಮ್ಮಗಳು ಆ ಕಲ್ಲಿನ ಮುಂದೆ ಕೂತೇ ಕೂರಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ.

"ನೀನು ಟೀಚರಿಗೆ ಫೋನು ಮಾಡಿದರೆ ನಾನು ಆ ಧಣಿ ಹೆಂಡ್ತಿಯ ತಾಯಿಗೆ ಫೋನು ಮಾಡ್ತೀನಿ," ಅಂದೆ ಮಗಳಿಗೆ. "ನಿನ್ನ ದೊಡ್ಡ ಮನೆ ಎಷ್ಟು ದೊಡ್ಡದಿತ್ತು ಅಂತ ಅಳತೆ ಸಮೇತ ಹೇಳ್ತೀನಿ."

ಫೋನು ಕೆಳಗಿಟ್ಟಳು.

ನಾನು ಓದಿದ್ದು ಮೂರನೆಯ ಕ್ಲಾಸು. ಆದರೂ ಆ ಪಾಠದ ಪುಸ್ತಕವನ್ನು ಹುಡುಗಿಯ ಕೈಲಿ ಪೂರ್ತಿ ಓದಿಸಿ ಕೇಳಿದೆ. ಮೇಲೆ ರಾಜ. ಅವನ ಕೆಳಗೆ ಥೇನ್ ಎನ್ನುವ ಜಮೀನಿನ ಧಣಿ. ಅವನ ಕೆಳಗೆ ಚರ್ಲ್ ಎನ್ನುವ ಒಕ್ಕಲು. ಎಲ್ಲರ ಕೆಳಗೆ ಜೀತದವರು.

"ಒಕ್ಕಲು ಧಣಿಗೆ ಏನು ಕೊಡಬೇಕು?" ಎಂದು ಕೇಳಿದೆ.

"ವಾರಕ್ಕೆ ಟೂ ಡೇಸ್ ವರ್ಕ್. ಹಾರ್ವೆಸ್ಟ್ ಟೈಮಲ್ಲಿ ತ್ರೀ. ಮತ್ತೆ ಕೋಳಿ ಕೊಡಬೇಕು."

"ಹಬ್ಬಕ್ಕಾ?"

"ಹೌದು! ಹೌ ಡು ಯು ನೋ?"

ಗೊತ್ತಿಲ್ಲದೆ ಏನು. ಪಟೇಲರ ಮನೆಗೆ ಒಕ್ಕಲುಗಳು ಕಾಲು ಕಟ್ಟಿದ ಕೋಳಿ ಹಿಡಿದುಕೊಂಡು ಬರುವುದನ್ನು ಎಷ್ಟು ಸಲ ನೋಡಿಲ್ಲ. ಪುಸ್ತಕದ ಆ ಜನರಲ್ಲಿ ಇನ್ನೊಂದು ಕಾನೂನಿತ್ತು. ಒಬ್ಬನನ್ನು ಕೊಂದರೆ ಇಷ್ಟು ದಂಡ ಎಂದು ದರ್ಜೆ ನೋಡಿ ಬರೆದಿಟ್ಟಿದ್ದರು. ಒಬ್ಬ ಧಣಿಯ ಜೀವಕ್ಕೆ ಆರು ಒಕ್ಕಲುಗಳ ಜೀವ ಸಮ. ಜೀತದವನನ್ನು ಕೊಂದರೆ ದಂಡ ಹೋಗುತ್ತಿದ್ದದ್ದು ಅವನ ಹೆಂಡತಿ ಮಕ್ಕಳಿಗಲ್ಲ, ಅವನ ಧಣಿಗೆ. ನಮ್ಮ ಕಡೆ ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಅಷ್ಟೇ ವ್ಯತ್ಯಾಸ.

ಒಬ್ಬ ರಾಜನಂತೂ ತನ್ನ ಅರಮನೆಯ ದಾಸಿಯರನ್ನೇ ಮೂರು ದರ್ಜೆ ಮಾಡಿದ್ದನಂತೆ. ಬೀಸುವವಳದು ಎರಡನೆಯ ದರ್ಜೆ.

"ಮೂರನೆಯವಳು ಯಾರು?" ಅಂದೆ.

"ಬುಕ್ಕಲ್ಲಿ ಇಲ್ಲ ಅಜ್ಜಿ."

ನನಗೆ ಗೊತ್ತಿತ್ತು. ಪಟೇಲರ ಮನೆಯಲ್ಲಿ ಒಳಗೆ ಅಡುಗೆಯವಳು, ನಡುವೆ ಜಗಲಿಯಲ್ಲಿ ನಾನು, ಆಚೆ ಕೊಟ್ಟಿಗೆಯಲ್ಲಿ ಸಗಣಿ ಬಾಚುವವಳು. ಅಡುಗೆಯವಳು ನನಗೆ ಎತ್ತರದಿಂದ, ಕೈ ಸೋಕದ ಹಾಗೆ ನೀರು ಹೊಯ್ಯುತ್ತಿದ್ದಳು. ನಾನು ಸಗಣಿಯವಳಿಗೆ ಹಾಗೇ ಹೊಯ್ಯುತ್ತಿದ್ದೆ. ಇದನ್ನೂ ಹುಡುಗಿಗೆ ಹೇಳಿದೆ. ನನ್ನನ್ನು ದೇವತೆ ಅಂದುಕೊಳ್ಳುವುದು ಬೇಡ.

ಕ್ಲಾಸಿನವರು ರಟ್ಟಿನಲ್ಲಿ ಬೀಸುಕಲ್ಲು ಮಾಡಿದ್ದರು. ರಟ್ಟಿನಲ್ಲಿ ಬೀಸಿದರೆ ನಗದೆ ಇನ್ನೇನು. ನಿಜವಾದ ಕಲ್ಲು ಇದ್ದದ್ದು ಧಣಿ ಹೆಂಡತಿಯ ಪಾತ್ರದವಳ ಮನೆಯಲ್ಲಿ. ಆಕೆಯ ತಾಯಿ ಅದನ್ನು ಊರಿಂದ ತರಿಸಿ, ನಡುಮನೆಯಲ್ಲಿಟ್ಟು, ಮೇಲೆ ಮನಿ ಪ್ಲಾಂಟಿನ ಕುಂಡ ಕೂರಿಸಿದ್ದಳು. ಮಗಳನ್ನು ಎಳೆದುಕೊಂಡು ಕೇಳಲು ಹೋದೆ.

"ಅಯ್ಯೋ, ತಗೊಂಡು ಹೋಗಿ ಅಮ್ಮಾ," ಅಂದಳು ಆಕೆ. "ನಮ್ಮಜ್ಜಿ ಕಾಲದ ಪೀಸು. ಆದ್ರೆ ನಮ್ಮನೆಯವರು ಯಾರೂ ಅದನ್ನ ಮುಟ್ಟಿದೋರಲ್ಲ, ಬೀಸೋಕೆ ಬೇರೆಯವರಿದ್ರು. ನಿಮ್ಮನೇಲೂ ಹಾಗೇ ಅಲ್ವಾ?"

ಮಗಳು ಹಿಂದಿನಿಂದ ನನ್ನ ಸೆರಗು ಜಗ್ಗಿದಳು. "ಹೂಂ, ಬೀಸೋರು ಇದ್ರು," ಅಂದೆ. ಸುಳ್ಳೇನಲ್ಲ. ಮೊದಲು ಕಲ್ಲು ಕೈಗೆ ಬರಲಿ ಎಂದಿತ್ತು ನನಗೆ.

ಅಳಿಯ ಕಲ್ಲನ್ನು ಕಾರಿನ ಟ್ರಂಕಿಗೆ ಎತ್ತಿಹಾಕುವಾಗ ಸೊಂಟ ಹಿಡಿದುಕೊಂಡ. ಕಲ್ಲಿಗೆ ಗೂಟವಿರಲಿಲ್ಲ. ಹಿಮ ಎತ್ತುವ ಹಳೆಯ ಸಲಿಕೆಯ ಹಿಡಿ ಕತ್ತರಿಸಿ ಗೂಟ ಹೊಡೆದೆ. ಆಮೇಲೆ ಎರಡು ವಾರ, ಸ್ಕೂಲು ಬಿಟ್ಟು ಬಂದ ತಕ್ಷಣ ಹುಡುಗಿಯನ್ನು ಕೂರಿಸಿದೆ. ಮೊದಲ ದಿನ ಕಾಳನ್ನೆಲ್ಲ ಕಲ್ಲಿನ ಬಾಯಿಗೆ ಒಟ್ಟಿಗೆ ಸುರಿದಳು, ಕಲ್ಲು ಅಲುಗಲೇ ಇಲ್ಲ. "ಅದಕ್ಕೆ ಹೊಟ್ಟೆ ಒಂದೇ ಇರೋದು, ಚೂರು ಚೂರೇ ಹಾಕು," ಅಂದೆ. "ತೋಳಿಂದ ತಿರುಗಿಸಬೇಡ, ಮೈಯೆಲ್ಲ ತೂಗು." ಮೂರನೆಯ ದಿನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಬಟ್ಟೆ ಸುತ್ತಿ ಮತ್ತೆ ಕೂರಿಸಿದೆ.

"ಅಜ್ಜಿ, ನಮ್ಮನೇಲಿ ಸರ್ವೆಂಟ್ಸ್ ಇದ್ರು ಅಂತ ಅಮ್ಮ ಹೇಳಿದ್ಳು," ಅಂದಳು ಒಂದು ದಿನ.

"ಇದ್ದಳು. ನಾನೇ," ಅಂದೆ. ಅವಳು ಗೂಟ ಬಿಟ್ಟು ನನ್ನ ಕೈ ನೋಡಿದಳು. ಮತ್ತೆ ಬೀಸತೊಡಗಿದಳು.

ಊರು ಕಟ್ಟಿ ತೋರಿಸುವ ದಿನ ಬಂತು. ಸ್ಕೂಲಿನ ದೊಡ್ಡ ಊಟದ ಕೋಣೆ. ಧಣಿಯೂ ಹೆಂಡತಿಯೂ ಎತ್ತರದ ಮೇಜಿನ ಹಿಂದೆ ಕೂತಿದ್ದರು. ನಮ್ಮ ಹುಡುಗಿ ಗೋಣಿಯಂಥ ಬಟ್ಟೆ ಹಾಕಿಕೊಂಡು ನೆಲದಲ್ಲಿ ಗೋಧಿ ಬೀಸುತ್ತಿದ್ದಳು. ಸುತ್ತ ಹಿಟ್ಟು ಸಮನಾಗಿ ಬೀಳುತ್ತಿತ್ತು. ಯಾರೂ ನಗಲಿಲ್ಲ, ಕಲ್ಲಿನ ಸದ್ದಿಗೆ ಎಲ್ಲರೂ ಬಂದು ನಿಂತರು. ಟೀಚರು ಬಗ್ಗಿ ಹಿಟ್ಟು ಮುಟ್ಟಿ ನೋಡಿ, ಯಾರು ಕಲಿಸಿದ್ದು ಎಂದರು. ಹುಡುಗಿ ನನ್ನ ಕಡೆ ಕೈ ಮಾಡಿದಳು. ನೀವೆಲ್ಲಿ ಕಲಿತಿರಿ ಎಂದು ನನ್ನನ್ನು ಕೇಳಿದರು. ಮಗಳು ನಡುವೆ ಬಾಯಿ ಹಾಕಿ ಇಂಗ್ಲಿಷಿನಲ್ಲಿ ಏನೋ ಹೇಳತೊಡಗಿದಳು. ಬಿಗ್ ಹೌಸ್ ಎನ್ನುವುದು ನನಗೂ ತಿಳಿಯಿತು. ಪಕ್ಕದಲ್ಲೇ ಕಲ್ಲಿನ ಯಜಮಾನಿ ನಿಂತಿದ್ದಳು.

"ಅದಲ್ಲ," ಅಂದೆ ಮಗಳಿಗೆ, ಆಕೆಗೂ ಕೇಳಿಸುವ ಹಾಗೆ. "ಪಟೇಲರ ಮನೇಲಿ ಕೂಲಿಗೆ ಬೀಸಿದೆ, ಹನ್ನೊಂದು ವರ್ಷ. ಅದನ್ನ ಹೇಳು."

ಹೇಳಿದ್ದು ಮಗಳಲ್ಲ, ಹುಡುಗಿ, ಗೂಟದಿಂದ ಕೈ ತೆಗೆಯದೆ. "ಮೈ ಅಜ್ಜಿ ವಾಸ್ ದಿ ಗ್ರೈಂಡಿಂಗ್ ವುಮನ್. ಎಲೆವೆನ್ ಇಯರ್ಸ್. ಇನ್ ದಿ ಲಾರ್ಡ್ಸ್ ಹೌಸ್."

ಟೀಚರು ನನಗೆ ಕುರ್ಚಿ ತರಿಸಿದರು. ನಾನು ನೆಲದಲ್ಲೇ ಕೂತು ಉಳಿದ ಮಕ್ಕಳಿಗೂ ಬೀಸುವುದನ್ನು ತೋರಿಸಿದೆ. ಧಣಿಯ ಹೆಂಡತಿ ಆಸೆಪಟ್ಟು ಕೆಳಗಿಳಿದು ಬಂದಳು, ಎರಡು ಸುತ್ತಿಗೇ ತೋಳು ಸೋತಿತು.

"ಅಮ್ಮಾ, ನೀವು ಅವತ್ತು ಹೇಳಲೇ ಇಲ್ವಲ್ಲ," ಅಂದಳು ಅವಳ ತಾಯಿ.

"ಬೀಸೋರು ಇದ್ರಾ ಅಂತ ಕೇಳಿದ್ರಿ, ಯಾರು ಅಂತ ಕೇಳಲಿಲ್ಲ."

ವಾಪಸು ಬರುವಾಗ ಮಗಳು ಕಾರಿನಲ್ಲಿ ಅತ್ತಳು. "ನನ್ನ ಮರ್ಯಾದೆ ಕಳೆದೆ ಅವ್ವಾ. ಇನ್ನು ಎಲ್ಲರಿಗೂ ಗೊತ್ತಾಗತ್ತೆ." "ಆಗಲಿ, ನೀನು ರೋಡು ನೋಡ್ಕೊಂಡು ಓಡಿಸು," ಅಂದೆ. ನಾಲ್ಕು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾನೂ ಮಾತಾಡಿಸಲು ಹೋಗಲಿಲ್ಲ.

ಮುಂದಿನ ತಿಂಗಳು ಹತ್ತಿರದ ಕೊಲಂಬಿಯಾ ಎಂಬ ಊರಿನಲ್ಲಿ ಕನ್ನಡದವರ ಊಟವಿತ್ತು. ಹೋಗುವುದಿಲ್ಲ ಎಂದು ಹಟ ಹಿಡಿದವಳನ್ನು ನಾನೇ ಹೊರಡಿಸಿದೆ. ಅಲ್ಲಿ ಹೊಸದಾಗಿ ಬಂದ ಹೆಂಗಸೊಬ್ಬಳು ತಟ್ಟೆ ಹಿಡಿದುಕೊಂಡು ಬಂದು, "ನಿಮ್ಮದು ಊರಲ್ಲಿ ಜಮೀನು ಗಿಮೀನು ಇದೆಯಾ?" ಎಂದು ಕೇಳಿದಳು. ಕಲ್ಲಿನ ಯಜಮಾನಿ ಎದುರಿಗೇ ಕೂತಿದ್ದಳು. ಮಗಳು ಚಿತ್ರಾನ್ನ ಕಲಸುತ್ತಾ ತಲೆ ತಗ್ಗಿಸಿ, "ಇಲ್ಲ. ನಮ್ಮವ್ವ ಕೂಲಿಗೆ ಬೀಸಿ ನನ್ನ ಓದಿಸಿದ್ದು," ಅಂದಳು.

"ಜೋರಾಗಿ ಹೇಳು, ಅವರಿಗೆ ಕೇಳಿಸಲಿಲ್ಲ," ಅಂದೆ.

ತಲೆ ಎತ್ತಿ ಇನ್ನೊಂದು ಸಲ ಹೇಳಿದಳು.